ಎಲ್ಲರೂ ಹೆತ್ತಿಲ್ಲವೇ ಎಂಬ ಸಮಾಧಾನ

ಸೀಮಂತದ ದಿನ ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಆರತಿ ಎತ್ತುವಾಗ ನನ್ನ ತಂಗಿಯ ಕೈ ಹಿಡಿದುಕೊಂಡೆ. ಮೇ ತಿಂಗಳ ಸೆಕೆಯಲ್ಲೂ ಅದು ತಣ್ಣಗಿತ್ತು. ಏಳು ತುಂಬಿದಾಗಿನಿಂದ ಅವಳಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಒಂದು ಮೇಜು, ಮೇಲೆ ದೊಡ್ಡ ದೀಪ, ಸುತ್ತ ಮುಖವಿಲ್ಲದ ಜನ. ಅಮ್ಮನ ಹತ್ತಿರ ಹೇಳಿಕೊಂಡಳು. ಅಮ್ಮ ತಲೆ ಸವರಿ, "ಎಲ್ಲರೂ ಹೆತ್ತಿಲ್ವೇನೇ? ನಾನು ನಿಮ್ಮಿಬ್ಬರನ್ನ ಹೆತ್ತಿಲ್ವಾ?" ಅಂದರು. ಪ್ರೀತಿಯಿಂದ ಆಡಿದ ಮಾತೇ. ಆದರೆ ಆಮೇಲೆ ತಂಗಿ ಆ ವಿಷಯ ಎತ್ತಲಿಲ್ಲ. ಭಯ ಹೋಗಿರಲಿಲ್ಲ. ಅದನ್ನು ಹೇಳಿಕೊಳ್ಳುವ ಬಾಗಿಲು ಮುಚ್ಚಿತ್ತು, ಅಷ್ಟೇ.

ಕನ್ನಡದ ಮನೆಗಳಲ್ಲಿ ಬಸುರಿಯ ಭಯಕ್ಕೆ ಸಿಗುವ ಉತ್ತರ ಹೆಚ್ಚುಕಡಿಮೆ ಇದೇ. ಎಲ್ಲರೂ ಹೆತ್ತಿಲ್ಲವೇ. ಅದರ ಜೊತೆಗೇ ಇನ್ನೊಂದು ಮಾತೂ ಇದೆ: ಹೆರಿಗೆ ಎಂದರೆ ಹೆಣ್ಣಿಗೆ ಮರುಜನ್ಮ. ಒಂದು ಮಾತು ಹೆರಿಗೆ ಏನೂ ಅಲ್ಲ ಎನ್ನುತ್ತದೆ, ಇನ್ನೊಂದು ಅದು ಸಾವಿನ ಬಾಯಿಂದ ಮರಳಿ ಬಂದಂತೆ ಎನ್ನುತ್ತದೆ. ಎರಡನ್ನೂ ಒಂದೇ ಮಧ್ಯಾಹ್ನ, ಒಂದೇ ಅಡುಗೆಮನೆಯಲ್ಲಿ ಕೇಳಿಸಿಕೊಳ್ಳುವ ಇಪ್ಪತ್ತೆರಡರ ಹುಡುಗಿ ಯಾವುದನ್ನು ನಂಬಬೇಕು?

ಮರುಜನ್ಮದ ಮಾತು ಸುಮ್ಮನೆ ಹುಟ್ಟಿದ್ದಲ್ಲ. ನಮ್ಮ ಅಜ್ಜಿಯರ ಕಾಲದ ಯಾವ ದೊಡ್ಡ ಮನೆಯ ವಂಶಾವಳಿ ತೆಗೆದರೂ ಅದರಲ್ಲಿ 'ಹೆರಿಗೆಯಲ್ಲಿ ಹೋದಳು' ಎಂದು ಒಂದೇ ಸಾಲಿನಲ್ಲಿ ಮುಗಿದುಹೋದ ಹೆಣ್ಣೊಬ್ಬಳಿರುತ್ತಾಳೆ. ದೂರದ ಮಾತೇಕೆ, ಈ ಶತಮಾನ ಆರಂಭವಾದಾಗಲೂ ಸ್ಥಿತಿ ಭೀಕರವಾಗಿಯೇ ಇತ್ತು. ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ 2001-03ರಲ್ಲಿ ಕರ್ನಾಟಕದಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಇಡೀ ದೇಶದ ಲೆಕ್ಕ 301ರಿಂದ 97ಕ್ಕೆ ಬಂತು. ಆಸ್ಪತ್ರೆ ಹೆರಿಗೆ, ರಕ್ತನಿಧಿ, 108 ಆಂಬುಲೆನ್ಸ್, ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆಯರು, ಇವರೆಲ್ಲರ ದುಡಿಮೆ ಇದರ ಹಿಂದಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ಕರ್ನಾಟಕದ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗಿವೆ.

ಸಾವು ಇಷ್ಟು ಹಿಂದೆ ಸರಿದಿದೆ. ಭಯ ಮಾತ್ರ ಆ ಪ್ರಮಾಣದಲ್ಲಿ ಸರಿದಿಲ್ಲ. ಏಕೆ ಎಂಬುದೇ ಈ ಲೇಖನದ ಪ್ರಶ್ನೆ.

ಹೆರಿಗೆ ಎಂದರೆ ಸ್ವಲ್ಪ ಅಂಜಿಕೆ ಎಲ್ಲರಿಗೂ ಇರುತ್ತದೆ. ಇರುವುದು ಒಳ್ಳೆಯದೂ ಹೌದು. ಅಂಜಿಕೆ ಇದ್ದವಳು ತಪಾಸಣೆ ತಪ್ಪಿಸುವುದಿಲ್ಲ, ನೀರು ಹೋದರೆ ಕಾದು ಕೂರುವುದಿಲ್ಲ. ಆದರೆ ಕೆಲವರಲ್ಲಿ ಅದು ಗಡಿ ದಾಟುತ್ತದೆ. ನಿದ್ದೆ ಕೆಡುತ್ತದೆ, ದುಃಸ್ವಪ್ನ ಬೀಳುತ್ತದೆ, ಆಸ್ಪತ್ರೆಯ ವಾಸನೆಗೇ ಎದೆ ಹೊಡೆದುಕೊಳ್ಳುತ್ತದೆ. ಮಗು ಬೇಕು ಎಂಬ ಆಸೆ ಇದ್ದೂ ವರ್ಷಗಟ್ಟಲೆ ಗರ್ಭ ನಿಲ್ಲದಂತೆ ನೋಡಿಕೊಳ್ಳುವವರಿದ್ದಾರೆ. ಗಂಡನ ಸ್ಪರ್ಶಕ್ಕೇ ಬೆಚ್ಚಿ ಮೈ ಬಿಗಿದುಕೊಳ್ಳುವವರಿದ್ದಾರೆ. ಫ್ರಾನ್ಸಿನ ಮನೋವೈದ್ಯ ಲೂಯಿ ವಿಕ್ಟರ್ ಮಾರ್ಸೆ 1858ರಲ್ಲೇ ಇದನ್ನು ಗಮನಿಸಿ ಬರೆದಿದ್ದ. ಚೊಚ್ಚಲಿನವರಿಗೆ ಗೊತ್ತಿಲ್ಲದ ನೋವಿನ ಭಯ, ಹಿಂದೆ ಹೆತ್ತವರಿಗೆ ಗೊತ್ತಿರುವ ನೋವಿನ ಭಯ ಎಂಬ ಅವನ ವಿಂಗಡಣೆ ಇವತ್ತಿಗೂ ಹಳತಾಗಿಲ್ಲ. 2000ದಲ್ಲಿ ಬ್ರಿಟನ್ನಿನ ಕ್ರಿಸ್ಟಿನಾ ಹಾಫ್‌ಬರ್ಗ್ ಮತ್ತು ಇಯಾನ್ ಬ್ರಾಕಿಂಗ್ಟನ್ 26 ಹೆಂಗಸರ ಕಥೆಗಳನ್ನು ಪರಿಶೀಲಿಸಿ ಈ ತೀವ್ರ ಭಯಕ್ಕೆ 'ಟೋಕೋಫೋಬಿಯಾ' ಎಂದು ಹೆಸರಿಟ್ಟರು. ಟೋಕೋಸ್ ಎಂದರೆ ಗ್ರೀಕಿನಲ್ಲಿ ಹೆರಿಗೆ. ಗರ್ಭಿಣಿಯಾಗುವ ಮೊದಲೇ, ಎಷ್ಟೋ ಸಲ ಹದಿಹರೆಯದಲ್ಲೇ ಬೇರೂರಿದ ಭಯ ಒಂದು ಬಗೆ. ಒಂದು ಕೆಟ್ಟ ಹೆರಿಗೆಯ ಗಾಯದಿಂದ ಹುಟ್ಟಿದ್ದು ಇನ್ನೊಂದು. ಬಸಿರಿನ ಕಾಲದ ಖಿನ್ನತೆಯ ಲಕ್ಷಣವಾಗಿ ಕಾಣಿಸಿಕೊಳ್ಳುವುದು ಮೂರನೆಯದು. ಮಕ್ಕಳಾಗಿದ್ದಾಗ ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕವರಲ್ಲಿ ಈ ಭಯ ಬಹಳ ಆಳವಾಗಿರಬಲ್ಲದು. ಅಪರಿಚಿತರ ಮುಂದೆ ಕಾಲು ಅಗಲಿಸಿ ಮಲಗುವುದು ಅವರಿಗೆ ಏನೆಂದು ಅನ್ನಿಸಬಹುದು ಎಂಬುದನ್ನು ವಿವರಿಸಬೇಕಿಲ್ಲ.

ಭಯವನ್ನು ಅಳೆಯುವ ಉಪಕರಣವೂ ಇದೆ. ಸ್ವೀಡನ್ನಿನ ಕ್ಲಾಸ್ ಮತ್ತು ಬಾರ್ಬ್ರೋ ವೈಮಾ ದಂಪತಿ 1998ರಲ್ಲಿ ಪ್ರಕಟಿಸಿದ 33 ಪ್ರಶ್ನೆಗಳ ಪಟ್ಟಿ ಅದು. ಒಟ್ಟು ಅಂಕ 165. 85 ದಾಟಿದರೆ ತೀವ್ರ ಭಯ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. 18 ದೇಶಗಳ 29 ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯೊಂದು, ನೂರಕ್ಕೆ ಸುಮಾರು 14 ಬಸುರಿಯರಲ್ಲಿ ತೀವ್ರ ಭಯ ಇದೆ ಎಂದಿತು. ಆದರೆ ಬೇರೆ ಬೇರೆ ಅಧ್ಯಯನಗಳ ನಡುವಿನ ಅಂತರ ಬಹಳ ದೊಡ್ಡದು. ಒಂದು ಕಡೆ ನೂರಕ್ಕೆ ನಾಲ್ಕೂ ಇಲ್ಲ, ಇನ್ನೊಂದು ಕಡೆ ನಲವತ್ತರ ಮೇಲೆ. ಭಯಕ್ಕೆ ಕೊಟ್ಟ ವ್ಯಾಖ್ಯಾನ, ಕೇಳಿದ ಹೊತ್ತು, ಕೇಳಿದವರು ಯಾರು ಎಂಬುದೆಲ್ಲ ಉತ್ತರವನ್ನು ಬದಲಿಸುತ್ತದೆ. ನಮ್ಮಲ್ಲಿ ಅತ್ತೆ ಪಕ್ಕದಲ್ಲಿ ನಿಂತಿರುವಾಗ ನರ್ಸ್ ಬಂದು ಪ್ರಶ್ನೆ ಕೇಳಿದರೆ ಯಾವ ಸೊಸೆ ನಿಜ ಹೇಳಿಯಾಳು? ಸ್ವೀಡನ್ನಿನ ಪಟ್ಟಿಯನ್ನು ಹಾಗೆಯೇ ಕನ್ನಡಕ್ಕೆ ತಂದರೆ ಸಾಲದು. ಇಲ್ಲಿನ ಹೆಣ್ಣು ಹೆದರುವ ಎಷ್ಟೋ ಸಂಗತಿಗಳು ಆ ಪಟ್ಟಿ ಬರೆದವರ ಕಲ್ಪನೆಗೇ ಬಂದಿರಲಾರವು.

ಅವುಗಳಿಗೆ ಬರುವ ಮುನ್ನ ಮೈಯೊಳಗೆ ಭಯ ಏನು ಮಾಡುತ್ತದೆ ಎಂದು ನೋಡಬೇಕು. ಬೇನೆ ಏರಲು ಆಕ್ಸಿಟೋಸಿನ್ ಬೇಕು. ಅದು ಸಂಕೋಚದ ಹಾರ್ಮೋನು. ಮಬ್ಬು ಬೆಳಕು, ಪರಿಚಿತರ ಸದ್ದು, ಯಾರೂ ದಿಟ್ಟಿಸುತ್ತಿಲ್ಲ ಎಂಬ ನೆಮ್ಮದಿ ಇದ್ದಲ್ಲಿ ಚೆನ್ನಾಗಿ ಸ್ರವಿಸುತ್ತದೆ. ಹೆದರಿದಾಗ ಮೈ ಅಡ್ರಿನಲಿನ್ ಸುರಿಯುತ್ತದೆ. ಓಡಬೇಕಾದ ಕಾಲಿಗೆ ರಕ್ತ ಹೋಗಬೇಕಲ್ಲ, ಅದಕ್ಕೆ ಗರ್ಭಕೋಶದ ಸ್ನಾಯುವಿನ ಬಿಗಿತ ಸಡಿಲಗೊಳ್ಳುತ್ತದೆ, ಬೇನೆ ಹಿಂದೆ ಸರಿಯುತ್ತದೆ. ಕೊಟ್ಟಿಗೆಯಲ್ಲಿ ಹಸು ಈಯುವಾಗ ಮಕ್ಕಳನ್ನು ಆಚೆ ಓಡಿಸುತ್ತಿದ್ದ ನಮ್ಮ ಹಿರಿಯರಿಗೆ ಇದು ಬೇರೆ ಭಾಷೆಯಲ್ಲಿ ಗೊತ್ತಿತ್ತು. ಅಮೆರಿಕದಲ್ಲಿ ನೈಲ್ಸ್ ನ್ಯೂಟನ್ 1960ರ ದಶಕದಲ್ಲಿ ಮರಿ ಹಾಕುತ್ತಿದ್ದ ಇಲಿಗಳನ್ನು ನಡುವೆ ಎತ್ತಿ ಕದಲಿಸಿ ನೋಡಿದಾಗ ಮುಂದಿನ ಮರಿ ಹುಟ್ಟುವುದು ತಡವಾಯಿತು. ಹಸುವಿಗೂ ಇಲಿಗೂ ಕೊಡುವ ಏಕಾಂತವನ್ನು ಹೆಣ್ಣಿಗೆ ಕೊಡಲು ನಮಗೆ ಇನ್ನೂ ಸಾಧ್ಯವಾಗಿಲ್ಲ ಎಂಬುದು ನನ್ನನ್ನು ಬಹಳ ನೋಯಿಸುವ ಸಂಗತಿ.

ಮನುಷ್ಯರ ಲೆಕ್ಕ 2012ರಲ್ಲಿ ನಾರ್ವೆಯಿಂದ ಬಂತು. ಎರಡು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹೋಲಿಸಿದಾಗ, ತೀವ್ರ ಭಯವಿದ್ದವರ ಬೇನೆ ಸರಾಸರಿ ಎಂಟು ಗಂಟೆ ನಡೆದಿತ್ತು, ಉಳಿದವರದು ಆರೂವರೆ ಗಂಟೆ. ಚೊಚ್ಚಲು, ನೋವು ತಗ್ಗಿಸುವ ಎಪಿಡ್ಯೂರಲ್, ಬೇನೆ ಬರಿಸಲು ಕೊಟ್ಟ ಔಷಧಿ ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ 47 ನಿಮಿಷಗಳ ವ್ಯತ್ಯಾಸ ಉಳಿಯಿತು. ಹಾಗಿದ್ದೂ ಭಯವಿದ್ದವರಲ್ಲಿ ಬಹುಪಾಲು ಮಂದಿಗೆ ಕೊಯ್ಯದೆಯೇ ಹೆರಿಗೆಯಾಯಿತು. ಭಯ ಇದೆ ಎಂದ ಮಾತ್ರಕ್ಕೆ ಕೈಲಾಗದು ಎಂದಲ್ಲ. ಇದನ್ನು ಬಸುರಿಯರಿಗೆ ಹೇಳಬೇಕು.

ಇಲ್ಲಿ ಒಂದು ಅಪಾಯವೂ ಇದೆ. ಭಯದಿಂದ ಬಿಗಿತ, ಬಿಗಿತದಿಂದ ನೋವು, ನೋವಿನಿಂದ ಮತ್ತೆ ಭಯ ಎಂಬ ಚಕ್ರವನ್ನು ಮೊದಲು ಜನಪ್ರಿಯಗೊಳಿಸಿದವನು ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್. 1933ರಲ್ಲಿ ಸಹಜ ಹೆರಿಗೆಯ ಬಗ್ಗೆ ಪುಸ್ತಕ ಬರೆದ. ಹೆರುವವಳ ಪಕ್ಕ ಕೂತು, ಆಗುತ್ತಿರುವುದನ್ನು ವಿವರಿಸಿ, ಉಸಿರಾಟ ಹೇಳಿಕೊಡಬೇಕು ಎಂದು ಆ ಕಾಲದಲ್ಲಿ ಹೇಳಿದ್ದು ದೊಡ್ಡ ಮಾತು. ಆದರೆ ಅವನ ವಾದಕ್ಕೆ ಒಂದು ಕೆಟ್ಟ ಬಾಲವೂ ಇತ್ತು. 'ನಾಗರಿಕ' ಹೆಂಗಸರು ಹೆದರಿ ನೋವು ತಂದುಕೊಳ್ಳುತ್ತಾರೆ, 'ಕಾಡಿನ' ಹೆಂಗಸರು ನೋವಿಲ್ಲದೆ ಹೆರುತ್ತಾರೆ ಎಂದು ಅವನು ನಂಬಿದ್ದ. ಇದರ ಕನ್ನಡ ರೂಪ ನಮಗೆಲ್ಲ ಗೊತ್ತು. ಕೂಲಿಯ ಹೆಂಗಸು ಹೊಲದಲ್ಲೇ ಹೆತ್ತು, ಮಗುವನ್ನು ಬುಟ್ಟಿಯಲ್ಲಿಟ್ಟುಕೊಂಡು ಸಂಜೆ ಮನೆಗೆ ಬಂದಳು ಎಂಬ ಕಥೆ. ಆ ಕಥೆ ಹೇಳುವವರು ಆ ಹೆಂಗಸನ್ನು ಮಾತಾಡಿಸಿರುವುದಿಲ್ಲ. ಹೊಲದಲ್ಲಿ ಅವಳಿಗೆ ನೋವಾಗಲಿಲ್ಲವೆಂದಲ್ಲ. ಬೇರೆ ದಾರಿ ಇರಲಿಲ್ಲ, ಕೇಳುವವರೂ ಇರಲಿಲ್ಲ. ಆ ಕಥೆಯ ನೆರಳು ಇವತ್ತಿನ ಹೆರಿಗೆ ಕೋಣೆಗೂ ಬಿದ್ದಿದೆ. ಬಡವಳಾದರೆ, ಹಳ್ಳಿಯವಳಾದರೆ, ದಲಿತಳಾದರೆ 'ಇವರಿಗೆಲ್ಲ ತಡೆಯುವ ಶಕ್ತಿ ಇರುತ್ತದೆ' ಎಂದು ಹೊಲಿಗೆಗೆ ಕೊಡಬೇಕಾದ ಅರಿವಳಿಕೆಯನ್ನೂ ತಪ್ಪಿಸುವವರಿದ್ದಾರೆ. ಬೇನೆಯ ನೋವು ನಿಜ. ಭಯ ಅದನ್ನು ಹೆಚ್ಚಿಸುತ್ತದೆ, ಸೃಷ್ಟಿಸುವುದಿಲ್ಲ. ನೋವಿಗೆ ಹೆಣ್ಣಿನ ಭಯವೇ ಕಾರಣ ಎಂದುಬಿಟ್ಟರೆ, ನರಳುವವಳ ಮೇಲೆ ತಪ್ಪನ್ನೂ ಹೊರಿಸಿದಂತಾಗುತ್ತದೆ.

ಈಗ ಇಲ್ಲಿನ ಭಯಗಳಿಗೆ ಬರೋಣ. ನೋವಿನದು, ಸಾವಿನದು, ಮಗುವಿಗೆ ಏನಾದರೂ ಆದೀತೆಂಬುದು ಎಲ್ಲ ಕಡೆ ಇದ್ದದ್ದೇ. ಅವುಗಳ ಮೇಲೆ ನಮ್ಮಲ್ಲಿ ಇನ್ನಷ್ಟು ಪದರಗಳು ಕೂರುತ್ತವೆ. ಎರಡನೆಯದೂ ಹೆಣ್ಣಾದರೆ ಎಂಬ ಭಯ ಅವುಗಳಲ್ಲೊಂದು. ಮಗುವಿನ ಮೊದಲ ಅಳುವಿಗಿಂತ ಮುಂಚೆ 'ಏನು ಮಗು?' ಎಂದು ಕೇಳುವ ಹೆಂಗಸಿನ ದನಿಯಲ್ಲಿ ಕುತೂಹಲ ಇರುವುದಿಲ್ಲ, ನಡುಕ ಇರುತ್ತದೆ. ಚೊಚ್ಚಲ ಹೆರಿಗೆ ತವರಿನದು ಎಂಬ ಪದ್ಧತಿಯಲ್ಲಿ ಆಸರೆಯೂ ಇದೆ, ಸಂಕಟವೂ ಇದೆ. ಆಪರೇಷನ್ ಆದರೆ ಅಪ್ಪ ಹಣ ಎಲ್ಲಿಂದ ತರುತ್ತಾನೆ ಎಂದು ಬೇನೆಯ ನಡುವೆ ಲೆಕ್ಕ ಹಾಕುವ ಮಗಳಿರುತ್ತಾಳೆ. ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಬಾಣಂತಿ ಮತ್ತು ಹಸುಗೂಸನ್ನು ಊರಾಚೆಯ ಗುಡಿಸಲಲ್ಲಿ ಇರಿಸುವ ಸೂತಕದ ಆಚರಣೆ ಪೂರ್ತಿ ನಿಂತಿಲ್ಲ. 2023ರಲ್ಲಿ ತುಮಕೂರು ತಾಲ್ಲೂಕಿನಲ್ಲಿ ಅಂಥ ಗುಡಿಸಲಲ್ಲಿದ್ದ ಶಿಶುವೊಂದು ತೀರಿಕೊಂಡಿತು. ಅಲ್ಲಿನ ಬಸುರಿಗೆ ಹೆರಿಗೆ ಎಂದರೆ ಬೇನೆ ಮಾತ್ರ ಅಲ್ಲ, ಮಳೆ ಗಾಳಿಯ ರಾತ್ರಿಗಳೂ ಹೌದು. ಇನ್ನು ವಯಸ್ಸು. ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 21 ಮಂದಿ 18 ತುಂಬುವ ಮೊದಲೇ ಮದುವೆಯಾದವರು ಎಂದು ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ತನ್ನ ಮೈಯ ರಚನೆಯನ್ನೇ ಯಾರೂ ವಿವರಿಸದ ಹುಡುಗಿಗೆ ಮಗು ಎಲ್ಲಿಂದ, ಹೇಗೆ ಬರುತ್ತದೆ ಎಂಬುದೇ ಒಂದು ಭೀತಿ. ನಮ್ಮ ಸಿನಿಮಾಗಳು ಅವಳಿಗೆ ಕಲಿಸಿದ್ದು ಒಂದು ಚೀರಾಟ, ಬಿಸಿನೀರಿನ ಹಂಡೆ, ಮತ್ತು ಹೊರಗೆ ಬಂದು 'ತಾಯಿ, ಮಗು ಇಬ್ಬರಲ್ಲಿ ಒಬ್ಬರನ್ನೇ ಉಳಿಸಬಹುದು' ಎನ್ನುವ ಡಾಕ್ಟರನ್ನು.

ಇವೆಲ್ಲದರ ಆಚೆಗೆ, ಹೆಂಗಸರು ತಮ್ಮತಮ್ಮಲ್ಲೇ ಪಿಸುಮಾತಿನಲ್ಲಿ ಹಂಚಿಕೊಳ್ಳುವ ಭಯ ಒಂದಿದೆ. ಅದು ಹೆರಿಗೆ ಕೋಣೆಯದು.

ನನ್ನ ಮೊದಲ ಹೆರಿಗೆಯಾದದ್ದು ಒಂದು ದೊಡ್ಡ ಆಸ್ಪತ್ರೆಯಲ್ಲಿ. ಅಮ್ಮನನ್ನು ಬಾಗಿಲಲ್ಲೇ ನಿಲ್ಲಿಸಿದರು. ಒಳಗೆ ಸಾಲಾಗಿ ಮೇಜುಗಳು, ನಡುವೆ ಪರದೆ ಇಲ್ಲ. ಪಕ್ಕದ ಮೇಜಿನ ಹುಡುಗಿ ಕೂಗಿಕೊಂಡಾಗ ಯಾರೋ ಅವಳ ತೊಡೆಗೆ ಹೊಡೆದು ಆ ಮಾತು ಅಂದರು. ಕರ್ನಾಟಕದ ಎಷ್ಟೋ ತಾಯಂದಿರು ಕೇಳಿರುವ, ಬರೆಯಲೂ ನಾಚಿಕೆಯಾಗುವ ಮಾತು. ಮಾಡಿಕೊಳ್ಳುವಾಗ ಗೊತ್ತಿರಲಿಲ್ಲವೇ ಎಂಬುದು ಅದರ ಸಭ್ಯ ರೂಪ. ಅದನ್ನು ಕೇಳಿ ನಾನು ನನ್ನ ಸೆರಗನ್ನು ಬಾಯಿಗೆ ತುರುಕಿಕೊಂಡೆ. ಹದಿನಾಲ್ಕು ಗಂಟೆ ಹಾಗೆಯೇ ಇದ್ದೆ. ಏಕೆ ಕೊಯ್ದರು, ಎಷ್ಟು ಹೊಲಿಗೆ ಹಾಕಿದರು ಎಂದು ನನಗೆ ಯಾರೂ ಹೇಳಲಿಲ್ಲ. ನನಗೆ ಒಳ್ಳೆಯ ಮಗಳು ಹುಟ್ಟಿದಳು, ಯಾವ ತೊಡಕೂ ಆಗಲಿಲ್ಲ. ದಾಖಲೆಯಲ್ಲಿ ಅದು 'ಸಾಮಾನ್ಯ ಹೆರಿಗೆ'. ಎರಡನೆಯ ಮಗುವಿಗೆ ಮನಸ್ಸು ಮಾಡಲು ಏಳು ವರ್ಷ ಬೇಕಾಯಿತು. ಆ ಏಳು ವರ್ಷ ನಾನು ಹೆದರಿದ್ದು ನೋವಿಗಲ್ಲ.

ನನ್ನ ಅನುಭವ ಒಂದು ಕಡೆಯದಲ್ಲ, ಒಂದು ದೇಶದ್ದೂ ಅಲ್ಲ. ಘಾನಾ, ಗಿನಿ, ಮ್ಯಾನ್ಮಾರ್, ನೈಜೀರಿಯಾಗಳಲ್ಲಿ 2016 ಹೆರಿಗೆಗಳನ್ನು ಪಕ್ಕದಲ್ಲೇ ನಿಂತು ಗಮನಿಸಿದ ಅಧ್ಯಯನವೊಂದು 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ನೂರಕ್ಕೆ 42 ಹೆಂಗಸರು ಹೊಡೆತ, ಬೈಗುಳ ಅಥವಾ ತಾರತಮ್ಯ ಅನುಭವಿಸಿದ್ದರು. ಯೋನಿಯ ಬಾಯಿ ಕೊಯ್ದ ಪ್ರಸಂಗಗಳಲ್ಲಿ ನಾಲ್ಕರಲ್ಲಿ ಮೂರು ಸಲ ಒಪ್ಪಿಗೆ ಕೇಳಿರಲಿಲ್ಲ. ವೆನೆಜುವೆಲಾ 2007ರಲ್ಲೇ ಹೆರಿಗೆಯ ಹಿಂಸೆಯನ್ನು ಕಾನೂನಿನ ಭಾಷೆಯಲ್ಲಿ ಹೆಸರಿಸಿತು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆಸ್ಪತ್ರೆ ಹೆರಿಗೆಯಲ್ಲಿ ಅಗೌರವ ಮತ್ತು ದೌರ್ಜನ್ಯ ಹೆಣ್ಣಿನ ಹಕ್ಕಿನ ಉಲ್ಲಂಘನೆ ಎಂದು ಹೇಳಿಕೆ ಹೊರಡಿಸಿತು. 2018ರ ಅದರ ಮಾರ್ಗಸೂಚಿ ಇನ್ನೂ ಮುಂದೆ ಹೋಗಿ, ಎಲ್ಲರಿಗೂ ರೂಢಿಯಂತೆ ಕೊಯ್ಯಬೇಡಿ, ಹೊಟ್ಟೆ ಒತ್ತಿ ಮಗುವನ್ನು ತಳ್ಳಬೇಡಿ, ಗಂಟೆಗೆ ಒಂದು ಸೆಂಟಿಮೀಟರ್ ಗರ್ಭಕೋಶದ ಬಾಯಿ ತೆರೆಯಲೇಬೇಕೆಂಬ ಹಳೆಯ ಲೆಕ್ಕದಲ್ಲಿ ಅವಸರಿಸಬೇಡಿ ಎಂದಿತು.

ಬೈದ ದಾದಿಯರನ್ನು ರಾಕ್ಷಸಿಯರಂತೆ ಚಿತ್ರಿಸುವುದು ಸುಲಭ. ನನಗೆ ಅದು ಸರಿ ಕಾಣುವುದಿಲ್ಲ. ಒಂದೇ ಪಾಳಿಯಲ್ಲಿ ಇಬ್ಬರು ನರ್ಸ್‌ಗಳು ಹತ್ತಾರು ಹೆರಿಗೆ ನೋಡಬೇಕಾದ ಕಡೆ ತಾಳ್ಮೆ ಮೊದಲು ಸಾಯುತ್ತದೆ. ಅವರಿಗೂ ಭಯವಿದೆ. ಮಗುವಿಗೆ ಏನಾದರೂ ಆದರೆ ಹೊರಗೆ ಕಾದಿರುವ ಜನ ಮೈಮೇಲೆ ಬೀಳುತ್ತಾರೆ ಎಂಬ ಭಯ. ಭಯಗೊಂಡವರು ಭಯಗೊಂಡವಳನ್ನು ಹೆರಿಸುವ ಕೋಣೆ ಅದು.

ಸಿಸೇರಿಯನ್ ಲೆಕ್ಕವನ್ನೂ ಇದರ ಬೆಳಕಿನಲ್ಲೇ ನೋಡಬೇಕು. ಕರ್ನಾಟಕದಲ್ಲಿ ಸಿಸೇರಿಯನ್ ಪ್ರಮಾಣ 2015-16ರ ಸಮೀಕ್ಷೆಯಲ್ಲಿ ನೂರಕ್ಕೆ 23.6 ಇದ್ದದ್ದು 2019-21ರಲ್ಲಿ 31.5 ಆಯಿತು. ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆರಿಗೆಗಳು ಕೊಯ್ದೇ ಆಗುತ್ತಿವೆ. ಇದನ್ನೆಲ್ಲ ಹೆಂಗಸರ ಭಯದ ತಲೆಗೆ ಕಟ್ಟುವುದು ಅನ್ಯಾಯ. ಹಣ, ಸಮಯ, ಕಾನೂನಿನ ಅಂಜಿಕೆ, ಪಂಚಾಂಗದ ಮುಹೂರ್ತ ಎಲ್ಲವೂ ಇದರಲ್ಲಿ ಸೇರಿವೆ. ಆದರೆ 'ಆಪರೇಷನ್ ಮಾಡಿಬಿಡಿ ಡಾಕ್ಟ್ರೇ' ಎಂದು ತಾವಾಗಿ ಕೇಳುವ ಹುಡುಗಿಯರೂ ಇದ್ದಾರೆ. ಅವರನ್ನು ಹೇಡಿಗಳು, ಸುಕುಮಾರಿಯರು ಎಂದು ಹಂಗಿಸುವವರು, ಅಂಥ ಹುಡುಗಿ ನಿಜವಾಗಿ ಕೇಳುತ್ತಿರುವುದೇನು ಎಂದು ಯೋಚಿಸಬೇಕು. ಆಪರೇಷನ್ ಕೋಣೆಯಲ್ಲಿ ಅರಿವಳಿಕೆ ಖಚಿತ. ಬೈಗುಳ ಇಲ್ಲ. ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಗೊತ್ತು. ಸಹಜ ಹೆರಿಗೆಯಲ್ಲಿ ಇವು ಮೂರೂ ಸಿಗುವಂತಿದ್ದರೆ ಅವಳು ಅದನ್ನೇ ಕೇಳುತ್ತಿದ್ದಳೇನೋ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಬೇನೆಯ ಹೊತ್ತಿಗೆ ಎಪಿಡ್ಯೂರಲ್ ಸಿಗುವುದು ಇವತ್ತಿಗೂ ಅಪರೂಪ.

ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ ಸಂಸ್ಥೆ ನೈಸ್ 2011ರಲ್ಲಿ ಇದಕ್ಕೊಂದು ಮಾನವೀಯ ದಾರಿ ಸೂಚಿಸಿತು. ಭಯದಿಂದ ಸಿಸೇರಿಯನ್ ಕೇಳಿದವಳನ್ನು ಮೊದಲು ಬಾಣಂತಿ-ಬಸುರಿಯರ ಮನಸ್ಸನ್ನು ಬಲ್ಲ ತಜ್ಞರ ಹತ್ತಿರ ಕಳಿಸಿ, ಮಾತಾಡಿ, ಬೆಂಬಲ ಕೊಡಿ. ಅದಾದ ಮೇಲೂ ಅವಳಿಗೆ ಸಹಜ ಹೆರಿಗೆ ಬೇಡವೆನಿಸಿದರೆ ಸಿಸೇರಿಯನ್ ಮಾಡಿಕೊಡಿ. ಹಾಫ್‌ಬರ್ಗ್ ಕಂಡ ಹೆಂಗಸರಲ್ಲಿ, ಬೇಡಿಕೊಂಡರೂ ಸಿಸೇರಿಯನ್ ನಿರಾಕರಿಸಲ್ಪಟ್ಟವರ ಮನಸ್ಸು ಹೆಚ್ಚು ಹದಗೆಟ್ಟಿತ್ತು. ಹಾಗೆಂದು ಕತ್ತಿಯೇ ಅಭಯವಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡಾಗ, ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆಯೇ ಅನುಮಾನ ಬಂತು. ಆ ದಿನಗಳಲ್ಲಿ ರಾಜ್ಯದ ಯಾವ ಬಸುರಿ ನೆಮ್ಮದಿಯಿಂದ ಮಲಗಿದ್ದಳು? ಅವಳ ಭಯವನ್ನು ಹುಚ್ಚು ಎನ್ನುವ ಹಕ್ಕು ನಮಗೆ ಯಾರಿಗೂ ಇರಲಿಲ್ಲ.

ಹೆರಿಗೆಯೊಂದಿಗೆ ಭಯ ಮುಗಿಯುವುದೂ ಇಲ್ಲ. ಹೆರಿಗೆಯ ನಂತರ ನೂರಕ್ಕೆ ಸುಮಾರು ನಾಲ್ವರಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಯ ಲಕ್ಷಣ ಪೂರ್ತಿಯಾಗಿ ಕಾಣುತ್ತದೆ. ಯುದ್ಧದಿಂದ ಮರಳಿದ ಸೈನಿಕರಲ್ಲಿ ಕಾಣುವ ಕಾಯಿಲೆಯೇ ಅದು. ತೊಡಕಿನ ಹೆರಿಗೆಯಾದವರಲ್ಲಿ, ಮಗು ಕಳೆದುಕೊಂಡವರಲ್ಲಿ ಅದರ ಪ್ರಮಾಣ ಹಲವು ಪಟ್ಟು ಹೆಚ್ಚು. ದೃಶ್ಯಗಳು ಮರುಕಳಿಸುತ್ತವೆ, ಆಸ್ಪತ್ರೆಯ ರಸ್ತೆಯಲ್ಲಿ ಹೋಗಲಾಗುವುದಿಲ್ಲ, ಮಗುವನ್ನು ಎತ್ತಿಕೊಂಡಾಗ ಬರಬೇಕಾದ ಮಮತೆ ಬರುವುದಿಲ್ಲ, ಬರಲಿಲ್ಲವೆಂದು ತಾಯಿ ತನ್ನನ್ನೇ ಶಪಿಸಿಕೊಳ್ಳುತ್ತಾಳೆ. ಎಣ್ಣೆ ನೀರು, ಕಷಾಯ, ಸಾಂಬ್ರಾಣಿ ಹೊಗೆ ಇವುಗಳಿಂದ ಮೈ ಕಾಯುವ ನಮ್ಮ ಬಾಣಂತನ ಬಹಳ ಒಳ್ಳೆಯದು. ಆದರೆ ಅದರಲ್ಲಿ ಮನಸ್ಸಿಗೆ ಒಂದೇ ಹೆಸರಿತ್ತು, ಬಾಣಂತಿ ಸನ್ನಿ. ಪೂರ್ತಿ ಬುದ್ಧಿ ಕೆಟ್ಟಾಗ ಮಾತ್ರ ಬಳಸುವ ಹೆಸರು. ಅದಕ್ಕಿಂತ ಈಚೆಗಿನ ಅಳು, ನಡುಕ, ಶೂನ್ಯಕ್ಕೆ ಹೆಸರೇ ಇಲ್ಲದ್ದರಿಂದ ಮದ್ದೂ ಇರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತಾಯಿಯನ್ನೂ ಕೂಸನ್ನೂ ಅಗಲಿಸದೆ ಒಟ್ಟಿಗೆ ದಾಖಲಿಸಿಕೊಂಡು ಚಿಕಿತ್ಸೆ ಕೊಡುವ ವಾರ್ಡು ತೆರೆದದ್ದು ದೇಶಕ್ಕೇ ಹೊಸದಾಗಿತ್ತು. ಈಗ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬಸುರಿಯರೂ ಬಾಣಂತಿಯರೂ ಆ ಸಂಖ್ಯೆ ತಮಗೂ ಸೇರಿದ್ದು ಎಂದು ತಿಳಿಯಬೇಕು.

ಇನ್ನೊಂದು ಪರಿಣಾಮ ಅಂಕಿಅಂಶಗಳಲ್ಲಿ ಮೌನವಾಗಿ ಕೂತಿರುತ್ತದೆ. ಸ್ಟಾಕ್‌ಹೋಮಿನಲ್ಲಿ ನಡೆದ, 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೊದಲ ಹೆರಿಗೆ ಕೆಟ್ಟ ಅನುಭವವಾಗಿದ್ದ ಹೆಂಗಸರು ಮುಂದೆ ಕಡಿಮೆ ಮಕ್ಕಳನ್ನು ಹೆತ್ತರು, ಹೆತ್ತರೂ ಹೆಚ್ಚು ಅಂತರ ಬಿಟ್ಟು ಹೆತ್ತರು. ನಮ್ಮಲ್ಲಿ ಆ ಅಂತರವನ್ನು ತಾನೇ ನಿರ್ಧರಿಸುವ ಸ್ವಾತಂತ್ರ್ಯ ಎಷ್ಟು ಹೆಂಗಸರಿಗಿದೆ? ಬೇಡವೆನ್ನಲಾಗದೆ ಮತ್ತೆ ಬಸುರಾಗಿ, ಒಂಬತ್ತು ತಿಂಗಳು ಆ ಮೇಜನ್ನೇ ನೆನೆಯುತ್ತ ಕಳೆಯುವವರು, ಯಾರಿಗೂ ತಿಳಿಸದೆ ಗರ್ಭಪಾತದ ಮಾತ್ರೆ ನುಂಗಿ ರಕ್ತ ಹೋಗಿ ಆಸ್ಪತ್ರೆ ಸೇರುವವರು ಇದ್ದಾರೆ.

ಏನು ಮಾಡಿದರೆ ಈ ಭಯ ಇಳಿಯುತ್ತದೆ? ಫಿನ್ಲೆಂಡಿನಲ್ಲಿ ತೀವ್ರ ಭಯವಿದ್ದ ಚೊಚ್ಚಲಿನವರನ್ನು ಸಣ್ಣ ಗುಂಪುಗಳಲ್ಲಿ ಮನಶ್ಶಾಸ್ತ್ರಜ್ಞೆಯೊಬ್ಬರೊಂದಿಗೆ ಬಸಿರಿನಲ್ಲಿ ಆರು ಸಲ, ಮಗುವಿನೊಂದಿಗೆ ಒಂದು ಸಲ ಕೂರಿಸಿದರು. ಮಾತು, ಮಾಹಿತಿ, ಮೈ ಸಡಿಲಿಸುವ ಅಭ್ಯಾಸ, ಅಷ್ಟೇ. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವರಲ್ಲಿ ನೂರಕ್ಕೆ 63 ಮಂದಿಗೆ ಉಪಕರಣದ ನೆರವಿಲ್ಲದೆ ಸಹಜ ಹೆರಿಗೆಯಾಯಿತು, ಎಂದಿನ ಆರೈಕೆ ಪಡೆದವರಲ್ಲಿ 47ಕ್ಕೆ. ಸ್ವೀಡನ್ನಿನ ಆಸ್ಪತ್ರೆಗಳಲ್ಲಿ ಹೆರಿಗೆಗೆ ಹೆದರುವವರ ಮಾತು ಕೇಳಲೆಂದೇ ಅರೋರಾ ಎಂಬ ಹೆಸರಿನ ಸೂಲಗಿತ್ತಿ ತಂಡಗಳಿವೆ.

ಅದಕ್ಕಿಂತ ಸರಳವಾದದ್ದು, ಅಗ್ಗವಾದದ್ದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬಲವಾದದ್ದು ಜೊತೆ. ಬೇನೆಯ ಉದ್ದಕ್ಕೂ ಒಬ್ಬರು ಪಕ್ಕದಲ್ಲಿರುವುದು. ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರು ಭಾಗವಹಿಸಿದ 26 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆ 2017ರಲ್ಲಿ ಒಟ್ಟಾಗಿ ಪರಿಶೀಲಿಸಿತು. ಸತತವಾಗಿ ಜೊತೆ ಇದ್ದವರಲ್ಲಿ ಬೇನೆ ಚಿಕ್ಕದಾಯಿತು, ಸಿಸೇರಿಯನ್ ಕಡಿಮೆಯಾಯಿತು, ಹೆರಿಗೆಯ ಬಗ್ಗೆ ಕಹಿ ಭಾವನೆಯೂ ಕಡಿಮೆಯಾಯಿತು. ಇಷ್ಟು ಲಾಭ, ಇಷ್ಟು ಕಡಿಮೆ ಅಪಾಯ ಇರುವ ಔಷಧಿಯೊಂದು ಸಿಕ್ಕಿದ್ದರೆ ಅದನ್ನು ಪ್ರತಿ ಆಸ್ಪತ್ರೆಯ ಕಪಾಟಿನಲ್ಲೂ ಇಡುತ್ತಿದ್ದೆವು.

ನಮಗೆ ಇದು ಹೊಸ ವಿಷಯವಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ ಎಂದು ಹೇಳುತ್ತಿದ್ದ ಅವರ ಕೈಗೆ ಗೊತ್ತಿದ್ದದ್ದು ಅಂಗರಚನೆ ಮಾತ್ರವಲ್ಲ. ಮನೆಗೆ ಬಂದ ಸೂಲಗಿತ್ತಿ ಮಗು ಹುಟ್ಟಿ, ಮಾಸು ಬಿದ್ದು, ತಾಯಿ ಎದ್ದು ಕೂರುವ ತನಕ ಎದ್ದು ಹೋಗುತ್ತಿರಲಿಲ್ಲ. ಆ ಕಾಲಕ್ಕೆ ಮರಳಬೇಕೆಂದು ನಾನು ಹೇಳುತ್ತಿಲ್ಲ. ರಕ್ತಸ್ರಾವಕ್ಕೆ, ನಂಜಿಗೆ, ಅಡ್ಡ ಮಗುವಿಗೆ ಮನೆಯಲ್ಲಿ ಉತ್ತರವಿರಲಿಲ್ಲ, ಆ 228ರ ಲೆಕ್ಕದ ಹಿಂದೆ ಅದೂ ಇದೆ. ಆದರೆ ಹೆರಿಗೆಯನ್ನು ಮನೆಯಿಂದ ಆಸ್ಪತ್ರೆಗೆ ಒಯ್ಯುವಾಗ ಸೂಲಗಿತ್ತಿಯ ಕತ್ತರಿಯ ಜೊತೆಗೆ ಅವಳ ಸಾಂಗತ್ಯವನ್ನೂ ಹೊರಗೇ ಬಿಟ್ಟು ಬಂದೆವು.

ಅದನ್ನು ಮರಳಿ ತರುವ ಪ್ರಯತ್ನ ಕಾಗದದ ಮೇಲಂತೂ ಶುರುವಾಗಿದೆ. 2016ರಲ್ಲಿ ಕೇಂದ್ರ ಸರ್ಕಾರ, ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರುವವಳ ಜೊತೆ ಮಹಿಳಾ ಸಂಬಂಧಿಯೊಬ್ಬರು, ಆದಷ್ಟೂ ಹೆತ್ತ ಅನುಭವವಿರುವವರು, ಇರಬಹುದು ಎಂದಿತು. 2017ರ ಕೊನೆಯಲ್ಲಿ ಬಂದ ಲಕ್ಷ್ಯ ಕಾರ್ಯಕ್ರಮ ಹೆರಿಗೆ ಕೋಣೆಯ ಗುಣಮಟ್ಟದ ಜೊತೆಗೆ ಗೌರವದ ಆರೈಕೆಯನ್ನೂ ಅಳತೆಗೋಲಾಗಿಸಿತು. 2018ರಲ್ಲಿ ವೃತ್ತಿಪರ ಸೂಲಗಿತ್ತಿಯರನ್ನು ತರಬೇತುಗೊಳಿಸುವ ಯೋಜನೆ ಘೋಷಣೆಯಾಯಿತು. ಪಕ್ಕದ ತೆಲಂಗಾಣ ಅದಕ್ಕಿಂತ ಮೊದಲೇ, ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆಯ ನೆರವಿನಿಂದ ಕರೀಂನಗರದಲ್ಲಿ ಸರ್ಕಾರಿ ನರ್ಸ್‌ಗಳಿಗೆ ಈ ತರಬೇತಿ ಆರಂಭಿಸಿತ್ತು. ಆದೇಶ ಬಂದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ. ಪರದೆ ಇಲ್ಲದ ಕೋಣೆಗೆ ಒಬ್ಬಳ ಅಮ್ಮನನ್ನು ಬಿಟ್ಟರೆ ಇನ್ನೊಬ್ಬಳ ಮಾನದ ಪ್ರಶ್ನೆ ಬರುತ್ತದೆ. ಎರಡು ಮೇಜಿನ ನಡುವೆ ಒಂದು ಬಟ್ಟೆ, ಒಂದು ಸ್ಟೂಲು, ಇಷ್ಟೇ ಅದರ ಖರ್ಚು. ಹೆರಿಗೆ ಕೋಣೆಗೆ ಯಂತ್ರ ಕೊಡುವ ದಾನಿಗಳು ಈ ಎರಡನ್ನೂ ಕೊಡುವಂತಾಗಲಿ.

ತಂಗಿಯ ಕಥೆ ಅರ್ಧಕ್ಕೆ ಬಿಟ್ಟೆ. ಎಂಟನೆಯ ತಿಂಗಳ ತಪಾಸಣೆಗೆ ಅವಳನ್ನು ನಾನೇ ಕರೆದುಕೊಂಡು ಹೋದೆ. ತೂಕ ನೋಡಿದರು, ರಕ್ತದೊತ್ತಡ ನೋಡಿದರು, ಹಿಮೋಗ್ಲೋಬಿನ್ ಬರೆದುಕೊಂಡರು. ಐವತ್ತರ ಆಸುಪಾಸಿನ ನರ್ಸ್ ಪಟ್ಟಿ ಬಿಚ್ಚುತ್ತ ಅವಳ ಮುಖ ನೋಡಿ, "ಏನು ಭಯ ಹೇಳು" ಅಂದರು. ಭಯವಾಗುತ್ತಿದೆಯಾ ಎಂದು ಕೇಳಲಿಲ್ಲ, ಭಯ ಇದ್ದೇ ಇರುತ್ತದೆ ಎಂಬಂತೆ ಕೇಳಿದರು. ತಂಗಿ ಬಹಳ ಹೊತ್ತು ಸುಮ್ಮನಿದ್ದಳು. ಸಾಯುತ್ತೇನೆಂದೋ ನೋವೆಂದೋ ಹೇಳುತ್ತಾಳೆ ಎಂದುಕೊಂಡಿದ್ದೆ.

"ನಾನು ಕೂಗಿದರೆ ಬೈತೀರಾ?" ಅಂದಳು.

ನರ್ಸ್ ಸ್ಟೂಲು ಎಳೆದುಕೊಂಡು ಕೂತರು. ಹೊರಗೆ ಇನ್ನೂ ಇಪ್ಪತ್ತು ಮಂದಿ ಕಾಯುತ್ತಿದ್ದರು. ಕೂಗಬಹುದು, ಓಡಾಡಬಹುದು, ನೀರು ಕುಡಿಯಬಹುದು, ಯಾರನ್ನಾದರೂ ಕರೆತರಬಹುದು ಎಂದು ಒಂದೊಂದಾಗಿ ಹೇಳಿದರು. ಯಾರು ಬೇಕು ಎಂದು ಕೇಳಿದರು. ತಂಗಿ ನನ್ನ ಕಡೆ ನೋಡಿದಳು. ತಾಯಿ ಕಾರ್ಡಿನಲ್ಲಿ ಅದನ್ನು ಬರೆಯಲು ಜಾಗವಿರಲಿಲ್ಲ. ಅವರು ಅಂಚಿನ ಖಾಲಿ ಜಾಗದಲ್ಲಿ, ಕಬ್ಬಿಣದ ಮಾತ್ರೆಗಳ ಲೆಕ್ಕದ ಪಕ್ಕ, ಕೆಂಪು ಪೆನ್ನಿನಲ್ಲಿ 'ಜೊತೆಗೆ ಅಕ್ಕ' ಎಂದು ಬರೆದು, ಕೆಳಗೆ ಸಹಿ ಹಾಕಿ, ಮುಂದಿನವರನ್ನು ಕರೆದರು.